ಎಡಗಡೆಯ ಟ್ರೇ

ನನ್ನ ಅತ್ತೆ ಮಜ್ನಾ ಇಪ್ಪತ್ತೊಂದು ವರ್ಷ ಕಿವಿಗೆ ಸಂಬಳ ತೆಗೆದುಕೊಂಡ ಹೆಂಗಸು. ಬೇರೆಯವರು ಕೈಗೆ, ಬೆನ್ನಿಗೆ, ಕೆಲವರು ಬರೀ ಬಾಯಿಗೆ ತೆಗೆದುಕೊಳ್ಳುತ್ತಾರೆ. ನಮ್ಮೂರು ಬಾಯಾನ್ ಲೆಪಾಸಿನ ಕೀಬೋರ್ಡ್ ಕಾರ್ಖಾನೆಯಲ್ಲಿ ಅತ್ತೆಯ ಕೆಲಸ ಒಂದೇ. ಕೀಬೋರ್ಡಿನ ಒಂದೊಂದು ಅಕ್ಷರದ ಕೆಳಗೂ ಒಂದು ಪುಟ್ಟ ಸ್ವಿಚ್ಚು ಕೂತಿರುತ್ತದಲ್ಲ, ಅದನ್ನು ಕಿವಿಯ ಹತ್ತಿರ ಹಿಡಿದು ಹೆಬ್ಬೆರಳಿನಿಂದ ಒತ್ತುವುದು. ಒಳಗಿನ ತಗಡಿನ ನಾಲಗೆ ಖಡಕ್ಕಾಗಿ ಟಿಕ್ ಎಂದರೆ ಬಲಗಡೆಯ ಟ್ರೇಗೆ. ಮಂಕಾಗಿ ಅಂದರೆ ಎಡಗಡೆಯ ಟ್ರೇಗೆ. ಒಂದು ಪಾಳಿಗೆ ನಾಲ್ಕು ಸಾವಿರ. ಮೆಷಿನ್ನುಗಳ ಗದ್ದಲ ಬಾರದಂತೆ ಒಂದು ಗಾಜಿನ ಕೋಣೆ, ಅದರೊಳಗೆ ಹನ್ನೆರಡು ಹೆಂಗಸರು, ಒಬ್ಬರೂ ಪಿಟಕ್ಕೆನ್ನುವಂತಿರಲಿಲ್ಲ.

ಪಾಸಾದ ಪ್ರತಿ ಸ್ವಿಚ್ಚಿನ ತಳಕ್ಕೆ ಉಗುರುಬಣ್ಣದ ಒಂದು ಚುಕ್ಕೆ ಇಡಬೇಕಿತ್ತು. ಒಬ್ಬೊಬ್ಬರದು ಒಂದೊಂದು ಬಣ್ಣ, ಅತ್ತೆಯದು ಕೆಂಪು. ನಮಾಜಿಗೆ ಅಡ್ಡಿ ಎಂದು ಉಗುರಿಗೆ ಒಮ್ಮೆಯೂ ಹಚ್ಚಿಕೊಳ್ಳದವರು ಇಪ್ಪತ್ತೊಂದು ವರ್ಷ ಸಂತೆಯಲ್ಲಿ ಸೀಸೆ ಸೀಸೆ ಉಗುರುಬಣ್ಣ ಕೊಂಡರು. ಅಂಗಡಿಯವಳು ಏನೆಂದುಕೊಂಡಳೋ. ಚುಕ್ಕೆ ಇಟ್ಟ ಸ್ವಿಚ್ಚು ಮಂಕೆಂದು ವಾಪಸ್ ಬಂದರೆ, ಆ ಬಣ್ಣದವಳು ಮೇಲ್ವಿಚಾರಕಿಯ ಮೇಜಿನ ಮುಂದೆ ಎದ್ದು ನಿಲ್ಲಬೇಕು. ಉಳಿದ ಹನ್ನೊಂದು ಜನರೆದುರು ಅದನ್ನು ಮತ್ತೆ ಒತ್ತಿ, ಕೇಳಿ, ತನ್ನ ಕೈಯಾರೆ ಎಡಗಡೆಯ ಟ್ರೇಗೆ ಹಾಕಬೇಕು. ಬೈಗುಳ ಇಲ್ಲ, ಸಂಬಳ ಕಡಿತ ಇಲ್ಲ, ಅಷ್ಟೇ ಶಿಕ್ಷೆ. ಅತ್ತೆ ಹಾಗೆ ನಿಂತದ್ದು ಒಂಬತ್ತು ಸಲ. ಒಂಬತ್ತನ್ನೂ ತಾರೀಕು ಸಮೇತ ಹೇಳುತ್ತಿದ್ದರು.

ಆಮೇಲೆ ಜನಕ್ಕೆ ಸದ್ದಿಲ್ಲದ, ಅಗ್ಗದ ಕೀಬೋರ್ಡುಗಳು ಬೇಕಾದವು. ಕಾರ್ಖಾನೆ ಬಾಗಿಲು ಹಾಕಿತು. ಗಾಜಿನ ಕೋಣೆಯ ಹೆಂಗಸರು ಒಬ್ಬೊಬ್ಬರಾಗಿ ಚದುರಿದರು. ಅತ್ತೆ ಮನೆಗೆ ಬಂದು ಅಡುಗೆಮನೆ ಹಿಡಿದರು.

ನಾನು ಜಮ್ರಿ. ಈಗಲೂ ನಡೆಯುತ್ತಿರುವ ಬೇರೆ ಕಾರ್ಖಾನೆಗಳ ಜನರನ್ನು ಕರೆದೊಯ್ಯುವ ಬಸ್ಸಿನ ಡ್ರೈವರ್. ಮದುವೆಯಾದಂದಿನಿಂದ ಅತ್ತೆಯ ಫ್ಲಾಟಿನಲ್ಲೇ ಇದ್ದೇನೆ, ಅದಕ್ಕೆ ನಗುವವರು ನಗಲಿ. ಬೆಳಗ್ಗೆ ಒಂದು ಪಾಳಿ, ಸಂಜೆ ಒಂದು ಪಾಳಿ. ನಡುವಿನ ಹೊತ್ತಿನಲ್ಲಿ ಮನೆಯಲ್ಲಿ ನಾನು, ಅತ್ತೆ ಇಬ್ಬರೇ. ಹೆಂಡತಿ ರೊಸ್ನೀತಾ ಶಾಲೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಾಳೆ. ಮಗಳು ಬಲ್ಕಿಸ್ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ.

ಜಗಳ ಶುರುವಾದದ್ದು ಬಲ್ಕಿಸ್ ಗುಜರಿಯಿಂದ ಒಂದು ಹಳೆಯ ಕೀಬೋರ್ಡು ತಂದ ಭಾನುವಾರ. ಮೇಜಿನ ಮೇಲಿಟ್ಟು ಟಕಟಕ ಒತ್ತಿದಳು. ಒಳಗೆ ಬಟ್ಟೆ ಮಡಚುತ್ತಿದ್ದ ಅತ್ತೆ ಎದ್ದು ಬಂದರು. ಸದ್ದು ಕೇಳಿಯೇ ಬಂದರೆಂದು ಆಗ ನಾವೆಲ್ಲ ತಿಳಿದೆವು. ಈಗ ಯೋಚಿಸಿದರೆ, ತೆರೆದ ಬಾಗಿಲಲ್ಲಿ ಅದು ಕಣ್ಣಿಗೆ ಬಿದ್ದಿರಬೇಕು. ಬಂದವರೇ ಒಂದು ಗುಂಡಿ ಒತ್ತಿ ಕಣ್ಣು ಮುಚ್ಚಿದರು.

"ನೋಡು, ಹೆಂಗೆ ಮಾತಾಡ್ತದೆ," ಅಂದರು.

ಬಲ್ಕಿಸ್ ಚಿಮ್ಮಟ ತಂದು ಸ್ವಿಚ್ಚುಗಳನ್ನು ಒಂದೊಂದಾಗಿ ಕಿತ್ತಳು. ನೂರೊಂದರಲ್ಲಿ ಹದಿನಾಲ್ಕರ ತಳದಲ್ಲಿ ಕಂದು ತಿರುಗಿದ ಕೆಂಪು ಚುಕ್ಕೆ ಇತ್ತು. ಅತ್ತೆ ಆ ಹದಿನಾಲ್ಕನ್ನು ಅಂಗೈಯಲ್ಲಿ ಇಟ್ಟುಕೊಂಡು ಸುಮಾರು ಹೊತ್ತು ಕೂತರು. ಅವತ್ತು ಮಧ್ಯಾಹ್ನ ಊಟಕ್ಕೇ ಏಳಲಿಲ್ಲ. ಹುಣಸೆಹುಳಿಯ ಮೀನು ಸಾರನ್ನು ನಾನೇ ಬಡಿಸಿದೆ.

ಹಳೇ ಸದ್ದಿಗಾಗಿ ಹಂಬಲಿಸುವ ಜನ ಇಷ್ಟೊಂದು ಇದ್ದಾರೆಂದು ನನಗೆ ಗೊತ್ತೇ ಇರಲಿಲ್ಲ. ಬಲ್ಕಿಸ್ ಹಳೆಯ ಸ್ವಿಚ್ಚುಗಳನ್ನು ತೊಳೆದು, ಒಳಗಿನ ಸ್ಪ್ರಿಂಗು ಬದಲಿಸಿ ಇಂಟರ್ನೆಟ್ಟಿನಲ್ಲಿ ಮಾರತೊಡಗಿದಳು. ಕೊಳ್ಳುವವರೆಲ್ಲ ನಡುವಯಸ್ಸು ದಾಟಿದವರು. ಇಪೋ ಎಂಬ ಊರಿನ ಒಬ್ಬಾತ, ತೀರಿಹೋದ ಅಪ್ಪ ಕಸ್ಟಮ್ಸ್ ಕಚೇರಿಯಲ್ಲಿ ಟೈಪು ಮಾಡುತ್ತಿದ್ದ ಸದ್ದು ತನಗೆ ಮತ್ತೆ ಬೇಕು ಎಂದು ಬರೆದಿದ್ದ. ಬಲ್ಕಿಸ್ ತನ್ನ ಪುಟದಲ್ಲಿ ಅತ್ತೆಯ ಕೈಯ ಫೋಟೋ ಹಾಕಿದಳು. ಒಂದೊಂದು ಸ್ವಿಚ್ಚನ್ನೂ ಗಾಜಿನ ಕೋಣೆಯ ಹೆಂಗಸು ಸ್ವತಃ ಕಿವಿಯಿಂದ ಆರಿಸಿದ್ದು ಎಂದು ಬರೆದಳು. ದಿನಾ ಹತ್ತು ಗಂಟೆಗೆ ಅತ್ತೆ ತಲೆವಸ್ತ್ರ ಬಿಗಿದು ಊಟದ ಮೇಜಿಗೆ ಬರುತ್ತಿದ್ದರು. ಬಲಗಡೆ ಒಂದು ಟ್ರೇ, ಎಡಗಡೆ ಒಂದು ಟ್ರೇ, ನಡುವೆ ಕೆಂಪು ಸೀಸೆ. ನಾನು ಎದುರಿಗೆ ಕೂತು ಈರುಳ್ಳಿ ಬಿಡಿಸುತ್ತಿದ್ದೆ. ಕಾರ್ಖಾನೆ ಮುಚ್ಚಿದ ಮೇಲೆ ಅವರು ಅಷ್ಟು ನೆಟ್ಟಗೆ ಕೂತದ್ದನ್ನು ನಾನು ನೋಡಿರಲಿಲ್ಲ.

ರೊಸ್ನೀತಾಗೆ ಮಾತ್ರ ಮೈಯೆಲ್ಲ ಉರಿ.

"ಮಾಕ್, ಆ ಸದ್ದು ಈ ಮನೇಲಿ ಬೇಡ," ಎಂದಳು ಒಂದು ದಿನ ಊಟಕ್ಕೆ ಕೂತಾಗ. ನಮ್ಮಲ್ಲಿ ತಾಯಿಯನ್ನು ಮಾಕ್ ಅನ್ನುತ್ತೇವೆ, ಅತ್ತೆಯನ್ನು ನಾನೂ ಹಾಗೇ ಕರೆಯುತ್ತೇನೆ. "ಏಳು ವರ್ಷಕ್ಕೆ ನನ್ ಕೈಯಲ್ಲಿ ಅನ್ನದ ಸೌಟು ಕೊಟ್ಟು ಹೋದೋರು ನೀವು. ಮನೆಗೆ ಬಂದ್ರೆ ತಲೆನೋವು, ಯಾರೂ ಮಾತಾಡ್ಬಾರ್ದು. ನಿಮ್ ಕಿವಿಗೆ ರೆಸ್ಟು ಬೇಕು ಅಂತ ನಾವು ಪಿಸುಪಿಸು ಅಂತಾನೇ ದೊಡ್ಡೋರಾದ್ವಿ."

ಅತ್ತೆ ಮೀನಿನ ಮುಳ್ಳು ಬಿಡಿಸುತ್ತಾ, "ಸಾಂಬಾಲ್ ಚಟ್ನಿ ಇತ್ತ ಕೊಡು," ಅಂದರು.

"ಕೇಳಿಸ್ತಾ ನಾನು ಹೇಳಿದ್ದು?"

"ಉಪ್ಪು ಸರಿಯಾಗಿದೆ ಬಿಡು."

ಬಲ್ಕಿಸ್ ನಕ್ಕಳು. ತೋಕ್, ಅಂದರೆ ಅವಳ ಅಜ್ಜಿ, ಬೇಕೆಂದೇ ಹಾಗೆ ಮಾಡುತ್ತಾರೆ ಅಂದುಕೊಂಡಿದ್ದಳು. ನನಗೆ ನಗು ಬರಲಿಲ್ಲ. ಆ ವಾರವೇ ಅನ್ನದ ಕುಕ್ಕರು ಮೂರು ಸಲ ಪೀಪೀ ಎಂದು ಕೂಗಿದರೂ ಅತ್ತೆ ಪಕ್ಕದಲ್ಲೇ ನಿಂತು ಅದು ಕೆಟ್ಟಿದೆ ಎಂದು ಬೈದಿದ್ದರು. ಟೀವಿಯ ಸದ್ದು ಕೆಳಗಿನ ಮನೆಯವರಿಗೂ ಸಾಕಾಗುವಷ್ಟು ಏರಿತ್ತು. ಇನ್ನೊಂದು ದಿನ ಕಾದ ಬಾಣಲೆಯ ಅಂಚಿಗೆ ಹೆಬ್ಬೆರಳು ತಗುಲಿ ಚರ್ಮ ಬಿಳಿಚಿಕೊಂಡಿತು. ನಾನು ಕೈ ಎಳೆಯುವವರೆಗೂ ಅವರಿಗೆ ಗೊತ್ತಾಗಲಿಲ್ಲ. ಸಕ್ಕರೆ ಕಾಯಿಲೆ ಬೆರಳ ತುದಿಗಳ ಸ್ಪರ್ಶವನ್ನು ತಿಂದುಹಾಕಿತ್ತು.

ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದೆವು. ಕಿವಿಯ ಡಾಕ್ಟರು ಹೇಳಿದ್ದು ಸ್ಪಷ್ಟವಾಗಿತ್ತು. ಎರಡೂ ಕಿವಿಯಲ್ಲಿ ಸಣ್ಣ, ಚೂಪಾದ ಸದ್ದುಗಳೆಲ್ಲ ಹೋಗಿವೆ, ಇನ್ನು ಬರುವುದಿಲ್ಲ. ಮಾತು ಕೇಳಿಸಲು ಬೇಕಾದರೆ ಯಂತ್ರ ಹಾಕಿಕೊಳ್ಳಿ. ಅತ್ತೆ ಯಂತ್ರವನ್ನು ಒಂದು ದಿನ ಹಾಕಿಕೊಂಡರು, ನಮ್ಮ ಮಾತೆಲ್ಲ ಡಬ್ಬದೊಳಗಿಂದ ಬಂದ ಹಾಗಿದೆ ಎಂದು ತೆಗೆದು ಬಿಸ್ಕತ್ತಿನ ಡಬ್ಬಕ್ಕೆ ಹಾಕಿದರು.

"ನೀವಾಡೋ ಮಾತಲ್ಲಿ ಕೇಳುವಂಥದ್ದು ಏನಿದೆ," ಅಂದರು. "ನನಗೆ ಟಿಕ್ ಕೇಳಿಸ್ತದಲ್ಲ, ಅಷ್ಟು ಸಾಕು."

ಡಾಕ್ಟರು ಹೇಳಿದ ಸಣ್ಣ, ಚೂಪಾದ ಸದ್ದುಗಳಲ್ಲಿ ಟಿಕ್ ಕೂಡ ಒಂದು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಬಲ್ಕಿಸ್ ಮಾತ್ರ, ತೋಕ್‌ಗೆ ಅಭ್ಯಾಸ ಇದೆ, ಅವರದು ಬೇರೆ ಥರ ಕಿವಿ, ಅಂದಳು. ನಂಬಲು ಎಲ್ಲರಿಗೂ ಇಷ್ಟವಿತ್ತು, ನಂಬಿದೆವು.

ಎರಡು ವಾರ ಕಳೆಯುವಷ್ಟರಲ್ಲಿ ಸಿಂಗಾಪುರದ ಗಿರಾಕಿಯೊಬ್ಬ ನೂರಹತ್ತು ಸ್ವಿಚ್ಚುಗಳ ಡಬ್ಬವನ್ನು ವಾಪಸ್ ಕಳಿಸಿದ. ಮೂವತ್ತೊಂದು ಮಂಕು, ಆರು ಪೂರ್ತಿ ಮೂಕ. ವಿಡಿಯೋ ಮಾಡಿ ಎಲ್ಲರಿಗೂ ತೋರಿಸಿಯೂ ಇದ್ದ. ಒಂದೊಂದನ್ನೂ ಒತ್ತಿ, ತಿರುಗಿಸಿ ಕೆಂಪು ಚುಕ್ಕೆ ತೋರಿಸಿ, ಇದು ಗಾಜಿನ ಕೋಣೆಯ ಕಿವಿಯಂತೆ, ಎಂದು ನಗುತ್ತಿದ್ದ. ಅದರ ಕೆಳಗೆ ಇನ್ನೂರು ಜನ ನಕ್ಕಿದ್ದರು. ಇಪೋದವನೂ ಬರೆದ. ಅವನು ನಗಲಿಲ್ಲ. ತನಗೆ ಬಂದದ್ದರಲ್ಲೂ ಹೀಗೇ ಇತ್ತು, ಮುದುಕಿಗೆ ಬೇಜಾರಾಗುತ್ತದೆಂದು ಸುಮ್ಮನಿದ್ದೆ ಎಂದಿದ್ದ. ಬಲ್ಕಿಸ್ ನನ್ನ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ನಾನು ಬಸ್ಸು ನಿಲ್ಲಿಸಿ ಐಸು ಹಾಕಿದ ಚಹಾ ತಂದುಕೊಟ್ಟೆ.

ಮರುದಿನ ಅವಳು ರಜೆ ಹಾಕಿದಳು. ಒಂದು ಸ್ವಿಚ್ಚು ಬಿಚ್ಚಿ ಒಳಗಿನ ತಗಡಿನ ನಾಲಗೆಯನ್ನೇ ಕಿತ್ತು ಮತ್ತೆ ಮುಚ್ಚಿದಳು. ನಾನು ಒತ್ತಿ ನೋಡಿದೆ. ಒದ್ದೆ ಹತ್ತಿಯನ್ನು ಒತ್ತಿದ ಹಾಗಿತ್ತು, ಸದ್ದೂ ಇಲ್ಲ, ಬೆರಳಿಗೆ ತಡೆಯೂ ಇಲ್ಲ. ಅದನ್ನು ಉಳಿದವುಗಳ ಜೊತೆ ಬೆರೆಸಿಟ್ಟಳು. ಹತ್ತು ಗಂಟೆಗೆ ಅತ್ತೆ ತಲೆವಸ್ತ್ರ ಬಿಗಿದು ಬಂದು ಕೂತರು. ಎಂಟನೆಯದೋ ಒಂಬತ್ತನೆಯದೋ ಆಗಿ ಅದು ಕೈಗೆ ಬಂತು. ಕಿವಿಗೆ ಹಿಡಿದರು, ಒತ್ತಿದರು, ಕಣ್ಣು ಮುಚ್ಚಿ ಮತ್ತೊಮ್ಮೆ ಒತ್ತಿದರು.

"ಬಾ ಇಲ್ಲಿ," ಎಂದು ಬಲ್ಕಿಸಳನ್ನು ಕರೆದು ಅದನ್ನು ಅವಳ ಕಿವಿಗೆ ಹಿಡಿದರು. "ಕೇಳಿಸ್ಕೋ. ಇಡೀ ಡಬ್ಬದಲ್ಲಿ ಇಂಥದ್ದು ಇನ್ನೊಂದಿಲ್ಲ."

ಬಲ್ಕಿಸ್ ಕಿವಿ ಕೊಟ್ಟು ನಿಂತಳು. ಅತ್ತೆ ಐದಾರು ಸಲ ಒತ್ತಿದರು.

"ಹೌದು ತೋಕ್," ಅಂದಳು. "ಚೆನ್ನಾಗಿದೆ."

ಅತ್ತೆ ಅದಕ್ಕೆ ಕೆಂಪು ಚುಕ್ಕೆ ಇಟ್ಟು ಬಲಗಡೆಯ ಟ್ರೇಗೆ ಹಾಕಿದರು. ಅವರು ಕೇಳುತ್ತಿದ್ದದ್ದು ಕೈಯಲ್ಲಿದ್ದ ಸ್ವಿಚ್ಚನ್ನಲ್ಲ. ಎಂದೋ ಗಾಜಿನ ಕೋಣೆಯಲ್ಲಿ ಕೇಳಿದ್ದು ತಲೆಯೊಳಗೆ ಹಾಗೇ ಕೂತಿತ್ತು, ಬೆರಳು ಆಡಿದ ಕೂಡಲೇ ಅದೇ ಟಿಕ್ ಎನ್ನುತ್ತಿತ್ತು. ನನ್ನ ಕೈಯಲ್ಲಿನ ಈರುಳ್ಳಿ ಹಾಗೇ ಉಳಿಯಿತು.

ಸಂಜೆ ಅತ್ತೆ ನಮಾಜಿಗೆ ಹೋದಾಗ ಅಡುಗೆಮನೆಯಲ್ಲಿ ಮೂವರ ಜಗಳ. ಗಟ್ಟಿಯಾಗಿ ಮಾತಾಡಿದರೂ ಕೇಳಿಸದ ಮನೆಯಲ್ಲಿ ಎಲ್ಲರೂ ಪಿಸುಗುಟ್ಟುತ್ತಿದ್ದೆವು. ಬಲ್ಕಿಸ್, ತಾನು ಪುಟ ಮುಚ್ಚಿಬಿಡುತ್ತೇನೆ, ತೋಕ್‌ಗೆ ಇದ್ದದ್ದನ್ನು ಹೇಳಿಬಿಡೋಣ, ಅಂದಳು.

"ಹೇಳಿದ್ರೆ ನಿನ್ ನಾಲಗೆ ಕೀಳ್ತೀನಿ," ಅಂದದ್ದು ರೊಸ್ನೀತಾ.

"ಇಬು, ಆ ಸದ್ದು ಮನೇಲಿ ಬೇಡ ಅಂದೋರು ನೀವೇ ಅಲ್ವಾ?" ಎಂದಳು ಬಲ್ಕಿಸ್. ತಾಯಿಯನ್ನು ಅವಳು ಇಬು ಎಂದು ಕರೆಯುತ್ತಾಳೆ.

"ಅಂದೆ. ಕಾರ್ಖಾನೆ ಮುಚ್ಚಿದ ವರ್ಷ ಮಾಕ್ ಆ ಕುರ್ಚೀಲಿ ಕೂತು ಟೀವಿ ರಿಮೋಟು ಒತ್ತಿದ್ದನ್ನ ನೀನು ನೋಡಿಲ್ಲ. ಟೀವಿ ಆಫ್ ಇರ್ತಿತ್ತು. ದಿನಾ ಪೂರ್ತಿ ಒತ್ತೋರು. ಹೆಂಗೋ ಅಡುಗೆಮನೆ ಹಿಡಿಸಿ ಎಬ್ಬಿಸಿದ್ವಿ. ಈಗ ಆ ಕೈಲಿ ಅಡುಗೆನೂ ಆಗಲ್ಲ." ಸೊಪ್ಪು ತೊಳೆಯುವುದನ್ನು ನಿಲ್ಲಿಸಿ ಸೆರಗಿನಂತೆ ಇಳಿಬಿದ್ದ ತಲೆವಸ್ತ್ರದಲ್ಲಿ ಮುಖ ಒರೆಸಿಕೊಂಡಳು. "ಮತ್ತೆ ಅದನ್ನ ನೋಡೋಕೆ ನನ್ ಕೈಲಾಗಲ್ಲ ಬಾಂಗ್. ಏನಾದ್ರೂ ಮಾಡಿ."

ಬಾಂಗ್ ಅಂದರೆ ನಾನೇ. ಹೆಂಡತಿ ಅಳುವುದು ಅಪರೂಪ, ಆದ್ದರಿಂದ ತಲೆಗೆ ಬಂದದ್ದನ್ನು ಅಲ್ಲೇ ಹೇಳಿಬಿಟ್ಟೆ. ವ್ಯಾಪಾರ ನಿಲ್ಲಿಸೋಣ, ಟ್ರೇ ನಿಲ್ಲಿಸುವುದು ಬೇಡ. ಸಿಂಗಾಪುರದಿಂದ ಬಂದ ಡಬ್ಬವನ್ನೇ ಇಡೋಣ. ದಿನಾ ಸಂಜೆ ಚುಕ್ಕೆ ಅಳಿಸೋಣ, ಬೆಳಗ್ಗೆ ಅದೇ ಡಬ್ಬ ಮತ್ತೆ ಕೊಡೋಣ. ಬಲ್ಕಿಸ್ ಇದು ಮೋಸ ಅಂದಳು. ಮೋಸವೇ ಎಂದು ನಾನೂ ಒಪ್ಪಿದೆ. ಅದಕ್ಕಿಂತ ಒಳ್ಳೆಯದು ಯಾರಿಗೂ ಹೊಳೆಯಲಿಲ್ಲ.

ಅಳಿಸುವ ಕೆಲಸ ನನ್ನ ಪಾಲಿಗೆ ಬಂತು. ಸಂಜೆ ಪಾಳಿಯ ಹೆಂಗಸರು ಇಳಿದ ಮೇಲೆ ಬಸ್ಸಿನಲ್ಲೇ ಕೂತು, ಉಗುರುಬಣ್ಣ ತೆಗೆಯುವ ದ್ರವದಲ್ಲಿ ಹತ್ತಿ ಅದ್ದಿ ನೂರಹತ್ತು ಚುಕ್ಕೆ ಒರೆಸುತ್ತಿದ್ದೆ. ನನ್ನ ಕೈಯ ವಾಸನೆಗೆ ಜೊತೆಯ ಡ್ರೈವರುಗಳು ಹೊಸ ಸಂಬಂಧ ಕಟ್ಟಿ ಗೇಲಿ ಮಾಡಿದರು. ಐದು ವಾರ ಹೀಗೇ ನಡೆಯಿತು. ಅತ್ತೆ ಮಧ್ಯಾಹ್ನ ಊಟದ ಹೊತ್ತಿಗೆ ಕೇಳುತ್ತಿದ್ದರು, ನಿನ್ನೆಯ ಡಬ್ಬ ಯಾವೂರಿಗೆ ಹೋಯಿತು? ಕುವಾಂತಾನ್ ಅನ್ನುತ್ತಿದ್ದೆ, ಇನ್ನೊಂದು ದಿನ ಮಲಾಕಾ ಅನ್ನುತ್ತಿದ್ದೆ. ಕೊಂಡವರು ಏನಂದರು? ಕುವಾಂತಾನಿನ ಒಬ್ಬ ಮೇಷ್ಟ್ರು ತುಂಬಾ ಹೊಗಳಿ ಬರೆದಿದ್ದಾರೆ ಎಂದು ಜೋರಾಗಿ ಕೂಗಿ ಹೇಳುತ್ತಿದ್ದೆ. ಮೇಷ್ಟ್ರಿಗೆ ಹೆಸರಿಟ್ಟೆ, ಹೆಂಡತಿಯನ್ನು ಕೊಟ್ಟೆ, ಮಂಡಿನೋವನ್ನೂ ಕೊಟ್ಟೆ. ಸುಳ್ಳು ಹೇಳುವುದು ಚೆನ್ನಾಗಿಯೇ ಇತ್ತು, ನಾಚಿಕೆ ಇಲ್ಲದೆ ಹೇಳುತ್ತೇನೆ. ಅತ್ತೆ ಆ ಮೇಷ್ಟ್ರ ಮಂಡಿಗೆ ಶುಂಠಿ ಎಣ್ಣೆ ಹಚ್ಚಲು ಬರೆದು ತಿಳಿಸು ಅಂದರು.

ರೊಸ್ನೀತಾಳೂ ಮೆತ್ತಗಾದಳು. ಕ್ಯಾಂಟೀನಿನಿಂದ ಅತ್ತೆಗೆಂದೇ ಸಕ್ಕರೆ ಹಾಕದ ಅಂಟಕ್ಕಿಯ ತಿಂಡಿ ತರುತ್ತಿದ್ದಳು. ಒಂದು ರಜೆಯ ದಿನ ಅವಳೂ ಮೇಜಿಗೆ ಕೂತು ಒಂದು ಸ್ವಿಚ್ಚು ಒತ್ತಿ ತಾಯಿಯ ಮುಖ ನೋಡಿದಳು. ಅತ್ತೆ ಅದನ್ನು ಅವಳ ಕೈಯಿಂದ ತೆಗೆದುಕೊಂಡು, ಹಾಗಲ್ಲ, ಉಸಿರು ಹಿಡಿದು ಒತ್ತಬೇಕು, ಎಂದು ಹೇಳಿಕೊಟ್ಟರು. ಐವತ್ತು ಮುಟ್ಟಿದ ಹೆಂಗಸು ಹುಡುಗಿಯ ಹಾಗೆ ಉಸಿರು ಹಿಡಿದಳು.

ಒಂದು ಗುರುವಾರ ಜೊತೆಯ ಡ್ರೈವರು ಬರಲಿಲ್ಲ. ಅವನ ಪಾಳಿಯನ್ನೂ ನಾನೇ ಓಡಿಸಿದೆ. ಮನೆಗೆ ಬಂದವನು ಡಬ್ಬವನ್ನು ಅಲಮಾರದ ಮೇಲಿಟ್ಟು ಮಲಗಿದೆ. ಬೆಳಗ್ಗೆ ಹತ್ತಕ್ಕೆ ಅದನ್ನೇ ತಂದು ಅತ್ತೆಯ ಮುಂದಿಟ್ಟೆ, ಕುಕ್ಕರಿಗೆ ಅಕ್ಕಿ ಹಾಕಿದೆ, ಎದುರಿಗೆ ಕೂತು ಈರುಳ್ಳಿಗೆ ಕೈ ಹಾಕಿದೆ. ಆಗ ಮೂಗಿಗೆ ಬರೀ ಈರುಳ್ಳಿಯ ವಾಸನೆ ಬಂತು. ಕೈಯಲ್ಲಿ ದಿನದ ವಾಸನೆ ಇರಲಿಲ್ಲ. ಹಿಂದಿನ ಸಂಜೆ ನಾನು ಒಂದನ್ನೂ ಒರೆಸಿರಲಿಲ್ಲ.

ಅತ್ತೆ ಮೊದಲನೆಯದನ್ನು ಒತ್ತಿಯಾಗಿತ್ತು. ಚುಕ್ಕೆ ಇಡಲೆಂದು ತಿರುಗಿಸಿದರು. ಕನ್ನಡಕ ಹಣೆಯಿಂದ ಕಣ್ಣಿಗೆ ಇಳಿಯಿತು. ಉಗುರಿನಿಂದ ಕೆರೆದು ನೋಡಿದರು, ಬಣ್ಣ ಒಣಗಿತ್ತು. ಇನ್ನೊಂದನ್ನು ತೆಗೆದು ತಿರುಗಿಸಿದರು. ಮತ್ತೊಂದು. ಆಮೇಲೆ ಹಿಡಿಯಷ್ಟು ತೆಗೆದು ಮೇಜಿನ ಮೇಲೆ ಬೋರಲು ಹಾಕಿದರು. ಎಲ್ಲದರ ತಳದಲ್ಲೂ ಅವರದೇ ಕೆಂಪು.

"ಜಮ್ರಿ, ಇವು ವಾಪಸ್ ಬಂದವಾ?"

ಇವು ಎಲ್ಲಿಗೂ ಹೋಗೇ ಇಲ್ಲ ಎಂದರೆ ಐದು ವಾರದ ನಾಟಕವೆಲ್ಲ ಬಯಲಾಗುತ್ತಿತ್ತು. ಮಗಳು, ಮೊಮ್ಮಗಳು, ನಾನು, ಎಲ್ಲ ಸೇರಿ ಅವರನ್ನು ಮಗುವಿನಂತೆ ಆಡಿಸಿದ್ದೆವೆಂದು ತಿಳಿಯುತ್ತಿತ್ತು. ನನಗೆ ಹೆದರಿಕೆಯಾಯಿತು. ಮುಂದಿನದನ್ನು ಯೋಚಿಸದೆ ತಲೆಯಾಡಿಸಿಬಿಟ್ಟೆ.

"ಎಷ್ಟು?"

"ಎಲ್ಲಾನೂ, ಮಾಕ್," ಅಂದೆ.

ಕೇಳಿಸಿತೋ, ನನ್ನ ತುಟಿ ನೋಡಿ ತಿಳಿದರೋ. ಅತ್ತೆ ಕೆಂಪು ಸೀಸೆಯ ಮುಚ್ಚಳ ಬಿಗಿಯಾಗಿ ತಿರುಗಿಸಿ ಪಕ್ಕಕ್ಕೆ ಸರಿಸಿದರು. ಮೇಜಿನ ಅಂಚು ಹಿಡಿದು ನಿಧಾನವಾಗಿ ಎದ್ದು ನಿಂತರು. ತಲೆವಸ್ತ್ರ ಸರಿಮಾಡಿಕೊಂಡರು. ಒಂದು ಸ್ವಿಚ್ಚು ಎತ್ತಿ ಕಿವಿಗೆ ಹಿಡಿದು ನನ್ನ ಮುಖ ನೋಡುತ್ತಾ ಒತ್ತಿದರು, ಕೇಳಿದರು, ಎಡಗಡೆಯ ಟ್ರೇಗೆ ಹಾಕಿದರು. ಎರಡನೆಯದನ್ನು ಎತ್ತಿದರು. ಅದು ಚೆನ್ನಾಗಿಯೇ ಟಿಕ್ ಎಂದಿತು, ನನಗೆ ಕೇಳಿಸಿತು. ಅದನ್ನೂ ಎಡಗಡೆಗೆ ಹಾಕಿದರು.

ಕೂತುಕೊಳ್ಳಿ ಎಂದು ಕೈ ಮಾಡಿ ತೋರಿಸಿದೆ. ಕುರ್ಚಿ ಅವರ ಮಂಡಿಯ ಹತ್ತಿರ ತಳ್ಳಿದೆ. ಅವರು ಅದನ್ನು ಕಾಲಿನಿಂದಲೇ ಹಿಂದಕ್ಕೆ ಸರಿಸಿದರು. ಹತ್ತಾದವು, ಇಪ್ಪತ್ತಾದವು. ಇಪ್ಪತ್ತೊಂದು ವರ್ಷದಲ್ಲಿ ಒಂಬತ್ತು ಸಲ ನಿಂತವರನ್ನು ನಾನು ಒಂದೇ ಬೆಳಗ್ಗೆ ನೂರಹತ್ತು ಸಲಕ್ಕೆ ನಿಲ್ಲಿಸಿದ್ದೆ. ಸುಳ್ಳು ಹೇಳಿದೆ ಮಾಕ್ ಎಂದು ಆಗಲಾದರೂ ಕೂಗಿ ಹೇಳಬಹುದಿತ್ತು. ಕೂಗಿ ಏನನ್ನು ಹೇಳಲಿ? ಸ್ವಿಚ್ಚು ಎಲ್ಲಿಗೂ ಹೋಗಿಲ್ಲ, ಹೋದದ್ದು ನಿಮ್ಮ ಕಿವಿ ಎಂದೇ?

ಒಳಗೆ ಅನ್ನದ ಕುಕ್ಕರು ಪೀಪೀ ಎಂದಿತು. ಅತ್ತೆ ಡಬ್ಬದೊಳಗೆ ಕೈ ಹಾಕಿ ಮುಂದಿನದನ್ನು ತೆಗೆದರು.

"ಇನ್ನೆಷ್ಟಿವೆ ನೋಡು," ಅಂದರು.

ನಾನು ಡಬ್ಬವನ್ನು ನನ್ನ ಕಡೆಗೆ ಎಳೆದುಕೊಂಡು ಎಣಿಸತೊಡಗಿದೆ.